ಬೆನ್ನುಹುರಿ ಪೆಟ್ಟಿನ ನಂತರ ರೋಬೋ ನಡಿಗೆ: ಬೆಲ್ಟ್ ಬಿಗಿಯುವುದರಿಂದಲೇ ಶುರು

ಕೆಳಗೆ ಟ್ರೆಡ್‌ಮಿಲ್, ಮೇಲಿಂದ ಮೈಭಾರ ಎತ್ತಿಹಿಡಿಯುವ ಹಾರ್ನೆಸ್, ಸೊಂಟ ಮತ್ತು ಮಂಡಿಯನ್ನು ಮೋಟಾರಿನಿಂದ ಮಡಿಸಿ ಬಿಡಿಸುವ ಎರಡು ಲೋಹದ ಕಾಲು. ರೋಬೋ ನಡಿಗೆಯ ಯಂತ್ರ ಇಷ್ಟೇ. ಕಾಲಿನಲ್ಲಿ ಅಲ್ಪಸ್ವಲ್ಪ ಚಲನೆ ಉಳಿದವರಿಗೆ ಇದರ ಉಪಯೋಗ ಹೆಚ್ಚು. ಇನ್ನೂ ಕೂಡಿಕೊಳ್ಳದ ಮೂಳೆಮುರಿತ, ತೀರಾ ಟೊಳ್ಳಾದ ಮೂಳೆ, ಚರ್ಮದ ಹುಣ್ಣು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಇವುಗಳಲ್ಲಿ ಒಂದಿದ್ದರೂ ರೋಗಿಯನ್ನು ಯಂತ್ರ ಹತ್ತಿಸಬಾರದು.

ರೋಗಿ ಬೆಂಗಳೂರಿನ ಕೆಂಗೇರಿಯಿಂದ ಹೊಸೂರು ರಸ್ತೆಗೆ ಚಿಕಿತ್ಸೆಗೆ ಬರುವಷ್ಟರಲ್ಲಿ ಟ್ರಾಫಿಕ್‌ನಲ್ಲೇ ಯೂರಿನ್ ಬ್ಯಾಗ್ ತುಂಬಿರುತ್ತದೆ. ಮೊದಲು ಅದನ್ನು ಖಾಲಿ ಮಾಡಿಸಿ. ಬಾಲದ ಮೂಳೆ, ಹಿಮ್ಮಡಿಗಳ ಚರ್ಮ ನೋಡಿ. ಮಲಗಿದಾಗ ಒಮ್ಮೆ, ಎತ್ತಿ ನಿಲ್ಲಿಸಿದಾಗ ಒಮ್ಮೆ ಬಿಪಿ ಅಳೆಯಿರಿ.

ಹಾರ್ನೆಸ್ ಹಾಕುವಾಗ ತೊಡೆಸಂದಿನಲ್ಲಿ ಬಟ್ಟೆ ಸುಕ್ಕಾಗಿರಬಾರದು, ಮೂತ್ರ ಹರಿಸುವ ಕ್ಯಾತಿಟರ್ ನಳಿಕೆ ಪಟ್ಟಿಯಡಿ ಸಿಕ್ಕಿಕೊಂಡಿರಬಾರದು. ಇನ್ನು ಮುಖ್ಯ ಕೆಲಸ: ಯಂತ್ರದ ಮಂಡಿಕೀಲು ರೋಗಿಯ ಮಂಡಿಕೀಲಿಗೆ, ಸೊಂಟದ ಕೀಲು ತೊಡೆಮೂಳೆಯ ಹೊರಗುಬ್ಬಿಗೆ ನೇರ ಬರಬೇಕು. ಒಂದೆರಡು ಸೆಂಟಿಮೀಟರ್ ತಪ್ಪಿದರೂ ಪ್ರತಿ ಹೆಜ್ಜೆಗೆ ತೊಡೆಪಟ್ಟಿ ಮೇಲೆ ಕೆಳಗೆ ಜಾರುತ್ತದೆ. ಅರ್ಧ ಗಂಟೆಯಲ್ಲಿ ಅದೇ ಜಾಗ ನೂರಾರು ಸಲ ಉಜ್ಜಿ ಚರ್ಮ ಕಿತ್ತುಬರುತ್ತದೆ. ಸ್ಪರ್ಶಜ್ಞಾನ ಇಲ್ಲದವರಿಗೆ ಉರಿ ಗೊತ್ತೇ ಆಗದು. ಪಟ್ಟಿ ಬಿಗಿಯುವ ಈ ಹತ್ತು ನಿಮಿಷದಲ್ಲಿ ಅವಸರ ಮಾಡುವುದು ಕ್ಷಮೆಯಿಲ್ಲದ ತಪ್ಪು.

ಮೊದಲ ದಿನ ಸುಮಾರು ಅರ್ಧ ಭಾರ ಹಾರ್ನೆಸ್ ಹೊರಲಿ: 60 ಕೆ.ಜಿ. ತೂಕಕ್ಕೆ 30 ಕೆ.ಜಿ. ವೇಗ ಗಂಟೆಗೆ 1.5 ಕಿ.ಮೀ. ಸಾಕು. ಮಂಡಿ ಕುಸಿದರೆ ಇನ್ನಷ್ಟು ಎತ್ತಿ. ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಎತ್ತಿದ್ದು ಹೆಚ್ಚಾಯಿತು. ಬೆರಳು ಎಡವಿ ಎಳೆದರೆ ಪಾದ ಎತ್ತುವ ಪಟ್ಟಿ ಸಡಿಲವಾಗಿದೆ. ಬಳಿಕ ದಿನ ಕಳೆದಂತೆ ಭಾರದ ಆಸರೆಯನ್ನೂ ಮೋಟಾರಿನ ಸಹಾಯವನ್ನೂ ಸ್ವಲ್ಪ ಸ್ವಲ್ಪವೇ ಇಳಿಸಿ, ಆದರೆ ಎರಡನ್ನೂ ಒಂದೇ ದಿನ ಬೇಡ. ಇಳಿಸದೇ ಹೋದರೆ ಮೋಟಾರು ನಡೆಯುತ್ತದೆ, ರೋಗಿಯ ಸ್ನಾಯು ಸುಮ್ಮನೆ ತೂಗುತ್ತದೆ. "ಈಗ ಮಂಡಿ ಎತ್ತಿ, ಈಗ ಒತ್ತಿ" ಎಂದು ಪ್ರತಿ ಹೆಜ್ಜೆಗೂ ಹೇಳುತ್ತಿರಿ.

ಬೆನ್ನುಹುರಿಯ ಗಾಯ ಎದೆಭಾಗದ 6ನೇ ಕಶೇರುವಿನ (ಬೆನ್ನೆಲುಬಿನ ಮಣಿ) ಮಟ್ಟದಲ್ಲಿ ಅಥವಾ ಅದಕ್ಕೂ ಮೇಲಿದ್ದರೆ ಎಚ್ಚರ, ಬಿಪಿ ದಿಢೀರನೆ ಏರಬಹುದು. ಹಠಾತ್ ತಲೆನೋವು, ಮುಖ ಕೆಂಪೇರಿ ಬೆವರುವುದು ಕಂಡರೆ ತಕ್ಷಣ ಯಂತ್ರ ನಿಲ್ಲಿಸಿ, ಪಟ್ಟಿ ಸಡಿಲಿಸಿ, ಕೆಳಗಿಳಿಸಿ ನೇರ ಕೂರಿಸಿ, ಬಿಪಿ ನೋಡಿ, ವೈದ್ಯರನ್ನು ಕರೆಯಿರಿ. ಮಲಗಿಸಿದರೆ ಬಿಪಿ ಇನ್ನೂ ಏರುತ್ತದೆ. ತುಂಬಿದ ಮೂತ್ರಕೋಶ ಅಥವಾ ಬಿಗಿದ ಪಟ್ಟಿಯೇ ಹೆಚ್ಚಾಗಿ ಕಾರಣ.

ಇಳಿಸಿದ ಮೇಲೆ ಪಟ್ಟಿ ಕೂತಿದ್ದ ಜಾಗಗಳನ್ನೆಲ್ಲ ನೋಡಿ. ಕೆಂಪು ಅರ್ಧ ಗಂಟೆಯಲ್ಲಿ ಮಾಸದಿದ್ದರೆ ಯಾವ ಪಟ್ಟಿ, ಎಷ್ಟನೇ ತೂತು ಎಂದು ಬರೆದಿಡಿ; ಚರ್ಮ ಮೊದಲಿನಂತಾಗುವವರೆಗೆ ಮತ್ತೆ ಹತ್ತಿಸಬೇಡಿ.