ಶುಗರ್ ಇಳಿಯುವುದನ್ನು ಮತ್ತೆ ಗುರುತಿಸಲು ಕಲಿತ ಬಗೆ

ಟೈಪ್ 1 ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳತೊಡಗಿದ ಮೊದಲ ವರ್ಷಗಳಲ್ಲಿ ಶುಗರ್ ಕಡಿಮೆಯಾದರೆ ನನಗೆ ತಕ್ಷಣ ತಿಳಿಯುತ್ತಿತ್ತು. ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಫ್ಯಾನಿನ ಕೆಳಗೆ ಕುಳಿತಿದ್ದರೂ ಕತ್ತಿನ ಹಿಂದೆ ತಣ್ಣನೆಯ ಬೆವರು ಒಡೆಯುತ್ತಿತ್ತು. ವರ್ಷಗಳು ಕಳೆದಂತೆ ಈ ಲಕ್ಷಣಗಳು ಮಂಕಾಗುತ್ತ ಬಂದವು. 70ಕ್ಕಿಂತ ಕೆಳಗಿಳಿದರೆ ಕಡಿಮೆಯೆಂದು ಲೆಕ್ಕ, ಆದರೆ ಗ್ಲುಕೋಮೀಟರ್ 52 (mg/dL) ತೋರಿಸುವಾಗಲೂ ನಾನು ಚೆನ್ನಾಗಿಯೇ ಇದ್ದೇನೆಂದು ಅನ್ನಿಸುತ್ತಿತ್ತು. “ರೀ, ಮಾತು ಎಳೀತಿದೆ, ಒಮ್ಮೆ ಶುಗರ್ ನೋಡ್ಕೊಳ್ಳಿ” ಎಂದು ಹೆಂಡತಿಯೇ ಮೊದಲು ಎಚ್ಚರಿಸುವಂತಾಯಿತು.

ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ಶುಗರ್ ಇಳಿಯತೊಡಗಿದಾಗ ನಿಮಗೆ ಎಷ್ಟರಮಟ್ಟಿಗೆ ಗೊತ್ತಾಗುತ್ತದೆ, 1ರಿಂದ 7ರೊಳಗೆ ಹೇಳಿ. ಯಾವಾಗಲೂ ಗೊತ್ತಾಗುತ್ತದೆ ಎಂದರೆ 1, ಎಂದೂ ಗೊತ್ತಾಗುವುದಿಲ್ಲ ಎಂದರೆ 7. 4 ಅಥವಾ ಅದಕ್ಕಿಂತ ಹೆಚ್ಚೆಂದರೆ ಅರಿವು ಕುಂದಿದೆ ಎಂದು ತಿಳಿಯುತ್ತಾರೆ. ನಾನು 5 ಎಂದೆ. ಬೆವರು, ನಡುಕಗಳನ್ನು ತರುವ ಅಡ್ರಿನಲಿನ್ ಹಾರ್ಮೋನ್ ಮೊದಲಾದವುಗಳ ಪ್ರತಿಕ್ರಿಯೆಯು ಮೇಲಿಂದ ಮೇಲೆ ಶುಗರ್ ಲೋ (ಕಡಿಮೆ) ಆಗುವವರಲ್ಲಿ ತಡವಾಗಿ, ದುರ್ಬಲವಾಗಿ ಬರುತ್ತದೆ; ಅಷ್ಟರಲ್ಲಿ ಮೆದುಳಿಗೇ ಗ್ಲೂಕೋಸ್ ಸಾಲದೆ, ಅಪಾಯವನ್ನು ಅಳೆಯಬೇಕಾದ ಬುದ್ಧಿಯೇ ಮಸುಕಾಗಿರುತ್ತದೆ. ಆದ್ದರಿಂದಲೇ “ನನಗೆ ಗೊತ್ತಾಗುತ್ತದೆ ಬಿಡಿ” ಎಂಬ ಭರವಸೆಯನ್ನು ಪರೀಕ್ಷಿಸದೆ ಒಪ್ಪಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಂದಿನಿಂದ ಬೆರಳು ಚುಚ್ಚುವ ಮೊದಲು ಶುಗರ್ ಎಷ್ಟಿರಬಹುದೆಂಬ ಅಂದಾಜನ್ನೂ ಆ ಕ್ಷಣದಲ್ಲಿ ದೇಹಕ್ಕೆ ಅನ್ನಿಸುತ್ತಿರುವುದನ್ನೂ ಪುಸ್ತಕದಲ್ಲಿ ಬರೆದು, ಆಮೇಲೆ ಮೀಟರಿನ ಅಂಕಿಯನ್ನು ಪಕ್ಕದಲ್ಲಿ ಬರೆಯತೊಡಗಿದೆ. ಹಸಿವು ನಂಬಬಹುದಾದ ಸೂಚನೆಯಲ್ಲವೆಂಬುದು ಬೇಗ ತಿಳಿಯಿತು. ಅದು 140 ಇದ್ದಾಗಲೂ ಬರುತ್ತಿತ್ತು. ನಂಬಬಹುದಾದ ಸೂಚನೆ ಸಿಕ್ಕಿದ್ದು ಕೆಲಸದ ಮೇಜಿನಲ್ಲಿ. ಸಹಕಾರ ಸಂಘದ ಲೆಡ್ಜರಿನಲ್ಲಿ ಒಂದೇ ಕಾಲಂ ಅನ್ನು ಕೂಡಿ ಮುಗಿಸಿ, ಮೊತ್ತ ಬರೆಯುವಷ್ಟರಲ್ಲಿ ಮರೆತು, ಮತ್ತೆ ಮೇಲಿನಿಂದ ಕೂಡುತ್ತಿದ್ದೇನೆಂದರೆ ಬಹುಮಟ್ಟಿಗೆ ಶುಗರ್ 70ಕ್ಕಿಂತ ಕೆಳಗಿರುತ್ತಿತ್ತು. ಪ್ರತಿಯೊಬ್ಬರ ಸೂಚನೆಯೂ ಬೇರೆ. ಕೆಲವರಿಗೆ ತುಟಿ ಜುಮ್ಮೆನ್ನುತ್ತದೆ, ಕೆಲವರಿಗೆ ವಿನಾಕಾರಣ ಸಿಟ್ಟು ಬರುತ್ತದೆ.

ಆದರೆ ಗುರುತಿಸುವ ಅಭ್ಯಾಸವೊಂದೇ ಸಾಲದು, ಲೋ ಆಗುವುದನ್ನೇ ತಪ್ಪಿಸಬೇಕು. ವೈದ್ಯರು ಕೆಲವು ವಾರಗಳ ಮಟ್ಟಿಗೆ ನನ್ನ ಶುಗರ್ ಗುರಿಯನ್ನು ಸ್ವಲ್ಪ ಮೇಲಕ್ಕೇರಿಸಿ, ರಾತ್ರಿಯ ಇನ್ಸುಲಿನ್ ತಗ್ಗಿಸಿದರು. ಸಂಜೆಯ ದೀರ್ಘ ನಡಿಗೆಯ ಪರಿಣಾಮ ಗಂಟೆಗಳ ನಂತರ, ನಿದ್ರೆಯಲ್ಲೂ ಕಾಣಿಸಿಕೊಳ್ಳಬಹುದಾದ್ದರಿಂದ ಮಲಗುವ ಮುನ್ನ ಪರೀಕ್ಷಿಸಲು ಹೇಳಿದರು. ಮೊದಲು ಮರಳಿದ್ದು ಬೆವರು. ನಡುಕ ಹಿಂದಿನಷ್ಟು ಸ್ಪಷ್ಟವಾಗಿ ಬಂದಿಲ್ಲ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ನಡುಕ, ಎದೆಬಡಿತಗಳು ಮರೆಯಾಗಬಹುದು, ಬೆವರು ಮಾತ್ರ ಉಳಿಯುತ್ತದೆ. ಅಂಥವರು ಇದನ್ನು ತಮ್ಮ ವೈದ್ಯರೊಡನೆ ಚರ್ಚಿಸಬೇಕು.

ಈಗ 70ಕ್ಕಿಂತ ಕೆಳಗೆ ಬಂದರೆ ಲಕ್ಷಣಗಳಿಗಾಗಿ ಕಾಯದೆ 15 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸುತ್ತೇನೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನು ಮನೆಯವರಿಗೂ ಸಹೋದ್ಯೋಗಿಗಳಿಗೂ ತಿಳಿಸಿದ್ದೇನೆ. ಅಂದಾಜು ಎಷ್ಟೇ ಸರಿಯಾಗತೊಡಗಿದ್ದರೂ ಬೈಕ್ ಹತ್ತುವ ಮೊದಲು ಮೀಟರಿನಲ್ಲೇ ನೋಡಿಕೊಳ್ಳುತ್ತೇನೆ. 90ಕ್ಕಿಂತ ಕಡಿಮೆಯಿದ್ದರೆ ಏನಾದರೂ ತಿಂದ ಮೇಲೆಯೇ ಹೊರಡುತ್ತೇನೆ.