ಐಫ್ರೇಮ್ ಲೋಡ್ ಆಯ್ತಾ ಇಲ್ವಾ: ಕೊನೆಗೂ ಸಿಕ್ಕ ದಾರಿ

ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಹೆಚ್ಚುಕಮ್ಮಿ 40 ಐಫ್ರೇಮ್‌ಗಳಿವೆ, ಅಂದರೆ ಪೇಜಿನೊಳಗೆ ಇನ್ನೊಂದು ಪೇಜ್ ತೋರಿಸುವ ಚೌಕಟ್ಟುಗಳು. ಅರ್ಧ ನಮ್ಮವು, ಅರ್ಧ ಬೇರೆಯವರವು. ಬೇರೆ ಒರಿಜಿನ್‌ನ (ಬೇರೆ ವಿಳಾಸದ ಸೈಟಿನ) ಫ್ರೇಮ್ ತೆರೆಯಿತೋ ಇಲ್ಲವೋ ಜಾವಾಸ್ಕ್ರಿಪ್ಟ್‌ಗೆ ಗೊತ್ತಾಗೋದಿಲ್ಲ, ಸುಮ್ನೆ ಬಿಟ್ಟುಬಿಡು ಅಂತ ಟೀಮಿನವರೆಲ್ಲ ಹೇಳಿದ್ದರು. ನಾನು ಬಿಡಲಿಲ್ಲ. ಈಗ ಆರು ತಿಂಗಳಿಂದ ಸರಿಯಾಗಿ ನಡೆಯುತ್ತಿದೆ.

ಮೊದಲು ಆನ್‌ಲೋಡ್ (ಲೋಡ್ ಮುಗಿಯಿತು ಅಂತ ಬ್ರೌಸರ್ ಕೊಡುವ ಸೂಚನೆ) ನಂಬಿ ಕೆಟ್ಟೆ. 404 (ಪೇಜ್ ಸಿಗಲಿಲ್ಲ) ಬಂದರೂ ಲೋಡ್ ಇವೆಂಟ್ ಬರುತ್ತದೆ, 500 (ಸರ್ವರ್ ತಪ್ಪು) ಬಂದರೂ ಬರುತ್ತದೆ. ಎಕ್ಸ್-ಫ್ರೇಮ್-ಆಪ್ಷನ್ಸ್ (ನನ್ನನ್ನು ಫ್ರೇಮ್‌ನಲ್ಲಿ ತೋರಿಸಬೇಡಿ ಅಂತ ಸೈಟ್ ತನ್ನ ಉತ್ತರದ ಜೊತೆ ಕಳಿಸುವ ಹೆಡರ್) ತಡೆದರೆ ಕ್ರೋಮ್ ತನ್ನ ಎರರ್ ಪೇಜ್ ಹಾಕಿ ಅದಕ್ಕೂ ಲೋಡ್ ಕಳಿಸುತ್ತದೆ. ತಪ್ಪಾದಾಗ ಬರಬೇಕಾದ ಆನ್‌ಎರರ್ ಕಾಯುತ್ತಾ ಕೂತರೆ ಅದು ಬರೋದೇ ಇಲ್ಲ. ಎರಡು ವಾರ ಎಲ್ಲಾ ಕಡೆ ಹಸಿರು ಟಿಕ್, ಫ್ರೇಮ್ ಒಳಗೆ ನೋಡಿದರೆ ಏನೂ ಇಲ್ಲ. ಕಂಟೆಂಟ್‌ಡಾಕ್ಯುಮೆಂಟ್ (ಫ್ರೇಮ್ ಒಳಗಿನ ಪೇಜ್) ನೋಡಿದೆ: ಬೇರೆಯವರ ಪೇಜ್ ತೆರೆದರೂ ನಲ್ (ಏನೂ ಇಲ್ಲ), ತಡೆದರೂ ನಲ್. ನೋ-ಕಾರ್ಸ್ ಫೆಚ್‌ನಲ್ಲಿ (ಬೇರೆ ಸೈಟನ್ನು ಕೇಳಬಹುದು, ಉತ್ತರ ಓದುವ ಹಾಗಿಲ್ಲ) ಸ್ಟೇಟಸ್ ಯಾವಾಗಲೂ 0, ಸರ್ವರ್ ಪೂರ್ತಿ ಸತ್ತಿದ್ದರೆ ಮಾತ್ರ ಗೊತ್ತಾಗುತ್ತದೆ.

ಜಾಸ್ತಿ ದುಡ್ಡು ತಿಂದಿದ್ದು ಹೆಡ್‌ಲೆಸ್ ಬ್ರೌಸರ್, ಅಂದರೆ ಪರದೆ ಇಲ್ಲದೆ ಸರ್ವರ್‌ನಲ್ಲಿ ಓಡುವ ಬ್ರೌಸರ್. ಐದು ನಿಮಿಷಕ್ಕೊಮ್ಮೆ ಎಲ್ಲಾ ಪೇಜ್ ತೆರೆಸಿದೆ, ಒಂದೇ ತಿಂಗಳಲ್ಲಿ ಸರ್ವರ್ ಬಿಲ್ ಮೂರು ಪಟ್ಟಾಯಿತು. ಅಷ್ಟು ಮಾಡಿದರೂ ಅದಕ್ಕೆ ಬಳಕೆದಾರರ ಲಾಗಿನ್ ಇರಲಿಲ್ಲ, ಹಾಗಾಗಿ ಅದು ನೋಡಿದ್ದೇ ಬೇರೆ, ಅವರು ನೋಡಿದ್ದೇ ಬೇರೆ.

ಕೊನೆಗೆ ಫ್ರೇಮ್‌ನ ಬಾಯಿಂದಲೇ ಹೇಳಿಸೋಣ ಅಂತ ಹೊರಟೆ. ನಮ್ಮ ಪೇಜ್‌ಗಳು ಡೇಟಾ ತೆರೆಯ ಮೇಲೆ ಬಂದ ನಂತರ ಪೋಸ್ಟ್‌ಮೆಸೇಜ್‌ನಲ್ಲಿ (ಫ್ರೇಮ್‌ನಿಂದ ಹೊರಗಿನ ಪೇಜ್‌ಗೆ ಸಂದೇಶ ಕಳಿಸುವ ದಾರಿ) 'ರೆಡಿ' ಕಳಿಸುತ್ತವೆ. ಪೇಜ್ ಶುರುವಾದ ತಕ್ಷಣ ಕಳಿಸಬೇಡಿ, ಆಮೇಲೆ ಡೇಟಾ ಬರದೆ ಹೋದರೂ ಟಿಕ್ ಬಿದ್ದಿರುತ್ತದೆ. ಆ ಸಂದೇಶ ಕೇಳುವ ಲಿಸನರ್ ಹಾಕಿದ ಮೇಲೆಯೇ ಫ್ರೇಮ್‌ಗೆ ಎಸ್‌ಆರ್‌ಸಿ (ಪೇಜಿನ ವಿಳಾಸ) ಕೊಡಿ, ಸಂದೇಶದ ಒರಿಜಿನ್ ಜೊತೆ ಸೋರ್ಸ್ (ಕಳಿಸಿದ ವಿಂಡೋ) ಕೂಡ ಅದೇ ಫ್ರೇಮ್‌ನದಾ ಅಂತ ನೋಡಿ. ಟೈಮರ್ ಮುಗಿಯುವುದರೊಳಗೆ 'ರೆಡಿ' ಬರದಿದ್ದರೆ ಫೇಲ್. ಅದನ್ನು 3 ಸೆಕೆಂಡ್ ಇಟ್ಟಾಗ ನಿಧಾನದ ನೆಟ್‌ವರ್ಕ್‌ನವರಿಗೆಲ್ಲ ಸುಳ್ಳು ಅಲಾರಂ. ಈಗ 8ರ ಆಸುಪಾಸು, ಒಂದು ಸಲ ಮರುಪ್ರಯತ್ನ. ಯಾವ ಫ್ರೇಮ್‌ಗೆ ಎಷ್ಟು ಅಂತ ಕೋಡೇ ಲೆಕ್ಕ ಹಾಕಿಕೊಳ್ಳುತ್ತದೆ, ಆ ಲೆಕ್ಕ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಒಂದು ಪೆಟ್ಟು ಮಾತ್ರ ಮರೆಯಲಾರೆ. ಲೋಡಿಂಗ್ ಲೇಜಿ (ತೆರೆಯ ಹತ್ತಿರ ಬಂದಾಗಲೇ ಫ್ರೇಮ್ ಲೋಡ್ ಮಾಡು ಅನ್ನುವ ಆಯ್ಕೆ) ಹಾಕಿದ ದಿನ ಪೇಜಿನ ಕೆಳಗಿನ ಫ್ರೇಮ್‌ಗಳೆಲ್ಲ ಫೇಲ್ ಅಂತ ಬಂದವು. ಅವು ಇನ್ನೂ ಶುರುವೇ ಆಗಿರಲಿಲ್ಲ, ಟೈಮರ್ ಮಾತ್ರ ಓಡಿ ಮುಗಿದಿತ್ತು! ಈಗ ಫ್ರೇಮ್ ತೆರೆಗೆ ಬಂತು ಅಂತ ಇಂಟರ್‌ಸೆಕ್ಷನ್ ಅಬ್ಸರ್ವರ್ ಹೇಳಿದಾಗಲೇ ಟೈಮರ್ ಶುರು. ಅಷ್ಟರೊಳಗೆ 'ರೆಡಿ' ಬಂದಿದ್ದರೆ ಟೈಮರೇ ಬೇಡ.

ಬೇರೆಯವರ ಪೇಜ್‌ಗೆ ನಮ್ಮ ಸರ್ವರ್‌ನಿಂದ ಒಂದು ಗೆಟ್ (ಪೇಜ್ ಕೇಳುವ ಕೋರಿಕೆ) ಸಾಕು. ಸ್ಟೇಟಸ್, ಎಕ್ಸ್-ಫ್ರೇಮ್-ಆಪ್ಷನ್ಸ್, ಸಿಎಸ್‌ಪಿಯ (ಸೈಟಿನ ಭದ್ರತಾ ನಿಯಮಗಳ ಹೆಡರ್) ಫ್ರೇಮ್-ಆನ್ಸೆಸ್ಟರ್ಸ್ ನೋಡುತ್ತೇನೆ, ಯಾರು ಫ್ರೇಮ್ ಮಾಡಬಹುದು ಅಂತ ಅದು ಹೇಳುತ್ತದೆ. ಎಕ್ಸ್-ಫ್ರೇಮ್-ಆಪ್ಷನ್ಸ್ ಕೂಡ ಇದ್ದರೆ ಫ್ರೇಮ್-ಆನ್ಸೆಸ್ಟರ್ಸ್ ಮಾತೇ ನಡೆಯುತ್ತದೆ. ಉತ್ತರ ಒಂದು ದಿನ ಕ್ಯಾಶ್‌ನಲ್ಲಿರುತ್ತದೆ, ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ತಡೆ ಇದ್ದರೆ ಫ್ರೇಮ್ ಬದಲು ಲಿಂಕ್ ತೋರಿಸುತ್ತೇನೆ.

ನಡುವೆ ಇನ್ನೊಂದು ಆಟ ಆಡಿದೆ. ಕಂಟೆಂಟ್‌ವಿಂಡೋದ (ಫ್ರೇಮ್ ಒಳಗಿನ ವಿಂಡೋ) ಲೆಂಗ್ತ್ ಬೇರೆ ಒರಿಜಿನ್ ಆದರೂ ಓದಬಹುದು, ಒಳಗೆ ಎಷ್ಟು ಫ್ರೇಮ್ ಇವೆ ಅಂತ ಹೇಳುತ್ತದೆ. ಒಂದು ಪೇಜ್‌ನಲ್ಲಿ ಯಾವಾಗಲೂ 2 ಇರುತ್ತಿದ್ದವು, 0 ಬಂದರೆ ತೆರೆದಿಲ್ಲ ಅಂತಲೇ ಅರ್ಥ. ಅವರು ವಿನ್ಯಾಸ ಬದಲಿಸುವವರೆಗೆ ಚೆನ್ನಾಗಿಯೇ ನಡೆಯಿತು.

ಮೊದಲು ದಿನಕ್ಕೆ ಮೂವತ್ತರಷ್ಟು ಸುಳ್ಳು ಅಲಾರಂ ಬರುತ್ತಿದ್ದವು. ಈಗ ವಾರಕ್ಕೆ ಒಂದೋ ಎರಡೋ. ಆಗೋದೇ ಇಲ್ಲ ಅಂದಿದ್ದವರ ಪ್ರಾಜೆಕ್ಟ್‌ನಲ್ಲೂ ಈಗ ಇದೇ ಕೋಡ್ ಇದೆ.