ಜಿ13ಬಿಬಿ ಎಂಜಿನ್: ಕಂಪ್ರೆಷನ್ ಏರಿಸಿದ್ದು ಹೇಗೆ, ಟರ್ಬೊ ಬಿಟ್ಟಿದ್ದು ಏಕೆ

ಮಾರುತಿ ಎಸ್ಟೀಮ್‌ನ ಪೆಟ್ರೋಲ್ ಎಂಜಿನ್ ಜಿ13ಬಿಬಿ. ಅದರ ಕಂಪ್ರೆಷನ್ (ಪಿಸ್ಟನ್ ಮೇಲೇರುವಾಗ ಸಿಲಿಂಡರ್‌ನ ಜಾಗ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಅನುಪಾತ) 9.5ರಿಂದ 11ಕ್ಕೆ ಏರಿಸಿದರೆ ಪವರ್ ಹೆಚ್ಚುವುದು ಶೇ. 3-4 ಮಾತ್ರ. ಎಕ್ಸಾಸ್ಟ್ ಹೊಗೆಯಿಂದ ತಿರುಗಿ ಎಂಜಿನ್‌ಗೆ ಗಾಳಿ ತುರುಕುವ, ಅರ್ಧ ಬಾರ್ ಬೂಸ್ಟ್ (ಹೆಚ್ಚುವರಿ ಒತ್ತಡ) ಕೊಡುವ ಟರ್ಬೊ ಸರಿಯಾಗಿ ಕೂತರೆ ಶೇ. 35ರ ಹತ್ತಿರ ಸಿಗುತ್ತದೆ. ಹಾಗಿದ್ದೂ ಗೋಣಿಕೊಪ್ಪ ಕಡೆಯ ಗದ್ದೆ ಆಟೋಕ್ರಾಸ್‌ಗೆಂದು (ಗದ್ದೆಯ ತಿರುವುಗಳಲ್ಲಿ ಸಮಯದ ಎದುರು ಓಡಿಸುವ ಕಾರ್ ಸ್ಪರ್ಧೆ) ಕಟ್ಟಿದ ಎಸ್ಟೀಮ್‌ಗೆ ನಾನು ಆರಿಸಿಕೊಂಡದ್ದು ಕಂಪ್ರೆಷನ್ನನ್ನೇ. ಎರಡನೇ ಗೇರ್‌ನಲ್ಲೇ ತಿರುಗುವ ಆಟದಲ್ಲಿ ಪೆಡಲ್ ಒತ್ತಿದ ತಕ್ಷಣ ಎಳೆತ ಬೇಕು, ಟರ್ಬೊ ಅದಕ್ಕೆ ತಡಮಾಡುತ್ತದೆ. ಅಸಲು ಪವರ್ ಬರುವುದು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ನಿಂದ. ದೊಡ್ಡ ಕ್ಯಾಮ್ ಹಾಕಿದಾಗ ಕೆಳಗಿನ ಆರ್‌ಪಿಎಂನಲ್ಲಿ ಸೋರಿಹೋಗುವ ಟಾರ್ಕನ್ನು ಕಂಪ್ರೆಷನ್ ತುಂಬಿಕೊಡುತ್ತದೆ.

ಬೋರ್ (ಸಿಲಿಂಡರ್ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75.5. ಅಂದರೆ ಸಿಲಿಂಡರ್‌ಗೆ 324.7 ಸಿಸಿ. 9.5ಕ್ಕೆ ಪಿಸ್ಟನ್ ಮೇಲೆ ಉಳಿಯುವ ಜಾಗ 38.2 ಸಿಸಿ, 11ಕ್ಕೆ 32.5. ಕಡಿಮೆ ಮಾಡಬೇಕಾದ್ದು 5.7 ಸಿಸಿ. ಇದರಲ್ಲಿ ಸುಮಾರು 4 ಸಿಸಿ ಫೋರ್ಜ್ಡ್ ಪಿಸ್ಟನ್ನಿನ ಉಬ್ಬಿನಿಂದ, ಉಳಿದದ್ದು ಹೆಡ್ ಫೇಸಿಂಗ್ (ಸಿಲಿಂಡರ್‌ಗಳ ಮೇಲೆ ಕೂರುವ ಹೆಡ್ಡಿನ ಅಡಿ ತರಿಯುವುದು) ಮತ್ತು ಅವುಗಳ ನಡುವಿನ ತೆಳು ಗ್ಯಾಸ್ಕೆಟ್‌ನಿಂದ. ಪೂರ್ತಿ 5.7 ಸಿಸಿಯನ್ನೂ ಹೆಡ್ ಕೆತ್ತಿಯೇ ತೆಗೆಯಲು ಹೋಗಬೇಡಿ. ಹೆಡ್ ಕೆಳಗಿಳಿದಷ್ಟೂ ಕ್ಯಾಮ್ ಟೈಮಿಂಗ್ ಹಿಂದೆ ಬೀಳುತ್ತದೆ, ಅದನ್ನು ಸರಿಪಡಿಸಲು ಅಡ್ಜಸ್ಟಬಲ್ ಪುಲ್ಲಿ ಬೇಕಾಗುತ್ತದೆ.

ಕ್ಯಾಟಲಾಗ್‌ನ ಅಂಕಿ ನಂಬದೆ ಹೆಡ್ಡಿನ ನಾಲ್ಕೂ ಚೇಂಬರ್ (ಪೆಟ್ರೋಲ್ ಉರಿಯುವ ಗುಂಡಿ) ಅಳೆಯಬೇಕು. ಹೆಡ್ ಮಗುಚಿಟ್ಟು, ವಾಲ್ವ್ ಮತ್ತು ಪ್ಲಗ್ ಕೂರಿಸಿ, ಅಂಚಿಗೆ ಗ್ರೀಸ್ ಸವರಿ, ತೂತು ಕೊರೆದ ಅಕ್ರಿಲಿಕ್ ಹಾಳೆ ಒತ್ತಿ, ಬ್ಯೂರೆಟ್‌ನಿಂದ ಸೀಮೆಎಣ್ಣೆ ಬಿಡುವುದು. ಆಮೇಲೆ ವಾಲ್ವ್ ಪಿಸ್ಟನ್‌ಗೆ ತಾಗುವುದಿಲ್ಲವೆಂದು ನೋಡಲು ಪಿಸ್ಟನ್ ಮೇಲೆ ಮಕ್ಕಳ ಆಟದ ಕ್ಲೇ ಅಂಟಿಸಿ, ಹೆಡ್ ಕಟ್ಟಿ, ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬಿಚ್ಚಿ. ವಾಲ್ವ್ ಒತ್ತಿದ ಕಡೆ ಕ್ಲೇ ಕತ್ತರಿಸಿ ನೋಡಿದರೆ ಇನ್‌ಟೇಕ್‌ಗೆ 2 ಮಿ.ಮೀ., ಎಕ್ಸಾಸ್ಟ್‌ಗೆ 2.5 ಮಿ.ಮೀ. ದಪ್ಪ ಉಳಿದಿರಬೇಕು.

ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದು) ಈ ಬೋರ್‌ಗೆ 0.30 ಮಿ.ಮೀ. ಸಾಕು. ಟರ್ಬೊಗಾದರೆ 0.42ರ ಆಸುಪಾಸು ಬಿಡಬೇಕು. ಬಿಸಿಗೆ ಉದ್ದವಾದ ರಿಂಗಿನ ತುದಿಗಳು ಒಂದಕ್ಕೊಂದು ತಾಗಿದರೆ ಪಿಸ್ಟನ್ನಿನ ರಿಂಗ್ ಲ್ಯಾಂಡೇ (ರಿಂಗ್ ಕೂರುವ ಗಾಡಿಗಳ ನಡುವಿನ ಅಂಚು) ಮುರಿಯುತ್ತದೆ. ಸ್ಪಾರ್ಕ್ ಪ್ಲಗ್ ಒಂದು ಹೀಟ್ ರೇಂಜ್ ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥದು: ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ 6ರ ಬದಲು 7.

ಟ್ಯೂನಿಂಗ್ ಮಾತ್ರ ಮಡಿಕೇರಿಯಲ್ಲಿ ಮುಗಿಸಬಾರದು. ಸುಮಾರು 1,150 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಶೇ. 12ರಷ್ಟು ಕಡಿಮೆ, ಹವೆಯೂ ತಂಪು. ಅಲ್ಲಿ ಎಷ್ಟು ಇಗ್ನಿಷನ್ ಟೈಮಿಂಗ್ ಕೊಟ್ಟರೂ (ಕಿಡಿಯನ್ನು ಎಷ್ಟು ಬೇಗ ಹಾರಿಸಿದರೂ) ಎಂಜಿನ್ ಸುಮ್ಮನಿರುತ್ತದೆ. ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟುವಷ್ಟರಲ್ಲಿ ಗಾಳಿ ದಪ್ಪವಾಗಿ, ಸೆಕೆಯೂ ಸೇರಿ, ಮೂರನೇ ಗೇರ್‌ನಲ್ಲಿ ಫುಲ್ ಕೊಟ್ಟರೆ ಡಬ್ಬದಲ್ಲಿ ಕಲ್ಲು ಅಲುಗಾಡಿಸಿದಂತೆ ನಾಕಿಂಗ್ (ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವುದು) ಶುರು. ಆದ್ದರಿಂದ ಕೆಳಗೆ, ಮಧ್ಯಾಹ್ನದ ಬಿಸಿಯಲ್ಲಿ, ನಾಕಿಂಗ್ ತಡೆಯುವ 95 ಆಕ್ಟೇನ್ ಪೆಟ್ರೋಲ್ ಹಾಕಿಯೇ ಅಂತಿಮ ಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಕಿಡಿ-ಇಂಧನದ ಲೆಕ್ಕ) ಮಾಡುವುದು. ಟೈಮಿಂಗ್ ನಾಕಿಂಗ್ ಕೇಳಿದ ಜಾಗದಿಂದ 2-3 ಡಿಗ್ರಿ ಹಿಂದೆ, ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ 0.88 (ಪೂರ್ತಿ ಉರಿಯಲು ಬೇಕಾದ ಗಾಳಿಗೆ ಸಿಕ್ಕ ಗಾಳಿಯ ಅನುಪಾತ; 1ಕ್ಕಿಂತ ಕಡಿಮೆಯೆಂದರೆ ಪೆಟ್ರೋಲ್ ಹೆಚ್ಚು). ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಒಂದು ಪಾಲಿಗೆ 14.7 ಪಾಲು ಗಾಳಿ ಎಂಬ ಹಳೆಯ ಲೆಕ್ಕ ಹೊಂದುವುದಿಲ್ಲ, ಅದಕ್ಕೇ ಲ್ಯಾಂಬ್ಡಾದಲ್ಲೇ ಓದಿ. ಇಂಜೆಕ್ಟರ್ ಸುಮಾರು ಶೇ. 8 ಹೆಚ್ಚು ಸುರಿಯಬೇಕಾಗುತ್ತದೆ.

ಎತ್ತರದಲ್ಲಿ ಟರ್ಬೊ ಪವರ್ ಕಳೆದುಕೊಳ್ಳುವುದಿಲ್ಲ ಎನ್ನುವ ಮಾತು ಅರ್ಧ ಸತ್ಯ. ಬೂಸ್ಟ್‌ಗೆ ಮಿತಿ ಹಾಕುವ ಸಾದಾ ವೇಸ್ಟ್‌ಗೇಟ್ ಇದ್ದರೆ ಹೊರಗಿನ ಒತ್ತಡದ ಮೇಲೆ ಅರ್ಧ ಬಾರ್ ಸೇರುತ್ತದೆ, ಅಷ್ಟೆ; ಹೊರಗಿನದು ಕಡಿಮೆಯಾದರೆ ಒಟ್ಟೂ ಕಡಿಮೆ. 30 ಡಿಗ್ರಿಯ ಗಾಳಿ ಟರ್ಬೊದ ಕಂಪ್ರೆಸರ್ ದಾಟುವಾಗ 85 ಡಿಗ್ರಿಯ ಹತ್ತಿರ ಹೋಗುತ್ತದೆ. ನಿಧಾನದ ತಿರುವುಗಳಲ್ಲಿ ಅದನ್ನು ತಣಿಸಬೇಕಾದ ಇಂಟರ್‌ಕೂಲರ್‌ಗೆ ಗಾಳಿ ಸಿಗದು, ಗದ್ದೆಯಲ್ಲಿ ಅದರ ಫಿನ್‌ಗಳೆಲ್ಲ ಕೆಸರು. ಟರ್ಬೊ ಹಾಕಲೇಬೇಕೆಂದರೆ ಕಂಪ್ರೆಷನ್ 9ರ ಒಳಗಿಡಿ, ಲ್ಯಾಂಬ್ಡಾ 0.80, ಆಯಿಲ್ ರಿಟರ್ನ್ ಪೈಪ್ ಎಲ್ಲೂ ಮೇಲೇಳದೆ ನೇರ ಕೆಳಗಿಳಿದು ಎಂಜಿನ್ ಅಡಿಯ ಎಣ್ಣೆ ತೊಟ್ಟಿಯಾದ ಸಂಪಿನಲ್ಲಿ ಎಣ್ಣೆಮಟ್ಟದ ಮೇಲೆ ಸೇರಲಿ. ಇಲ್ಲವಾದರೆ ಎಣ್ಣೆ ಟರ್ಬೊದ ಸೀಲ್ ದಾಟಿ ಉರಿದು ನೀಲಿ ಹೊಗೆ. ಡೀಸೆಲ್ ಸ್ವಿಫ್ಟ್‌ನ ಟರ್ಬೊ ಅಗ್ಗಕ್ಕೆ ಸಿಗುತ್ತದೆಂದು ತರುವವರಿದ್ದಾರೆ. ಪೆಟ್ರೋಲ್ ಎಕ್ಸಾಸ್ಟ್ ಅದಕ್ಕಿಂತ ಬಹಳ ಬಿಸಿ, ಟರ್ಬೈನ್ ಬಾಳದು.

ಇದೆಲ್ಲ ಸ್ಪರ್ಧೆಯ ಗಾಡಿಗೆ ಮಾತ್ರ. ರಸ್ತೆಯ ಗಾಡಿಗೆ, ವಾಹನ ಮಾರ್ಪಡಿಸುವುದಕ್ಕೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಗೆ ಗಾಡಿ ಶೆಡ್ಡಿನಲ್ಲೇ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿಡಿ. ಇ20 ನೀರು ಹೀರುತ್ತದೆ, ನೀರು ಹೆಚ್ಚಾದರೆ ಎಥನಾಲ್ ಅದರೊಂದಿಗೆ ಬೇರ್ಪಟ್ಟು ತಳ ಸೇರುತ್ತದೆ, ಮೇಲೆ ಉಳಿದ ಪೆಟ್ರೋಲ್‌ನ ಆಕ್ಟೇನ್ 11ರ ಕಂಪ್ರೆಷನ್‌ಗೆ ಸಾಲದು.